ಡಿಸ್ಕ್ ಇದೆ, ವಿಳಾಸ ಇಲ್ಲ: ಸ್ಟೋರೇಜ್ ಕಾರ್ಡಿಗೆ ನಂಬರು ಸಿಕ್ಕ ನಲವತ್ತು ವರ್ಷದ ಕಥೆ

ಮಳೆಗಾಲದ ಒಂದು ಸಂಜೆ. ಹುಬ್ಬಳ್ಳಿ ವಿದ್ಯಾನಗರದ ನಮ್ಮ ರಿಪೇರಿ ಅಂಗಡಿಗೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಬಂದ. ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ವಿಂಡೋಸ್ ಹೊಸದಾಗಿ ಹಾಕೋಣ ಅಂತ ಹಾಸ್ಟೆಲ್ಲಿನಲ್ಲೇ ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದ್ದಾನೆ. ಯಾವ ಡಿಸ್ಕಿಗೆ ಹಾಕಲಿ ಅಂತ ಕೇಳುವ ಪರದೆ ಬಂದಿದೆ. ಆ ಪಟ್ಟಿಯಲ್ಲಿ ಒಂದೂ ಡಿಸ್ಕ್ ಇಲ್ಲ.

"ಸರ, ಎಸ್‌ಎಸ್‌ಡಿ ಸತ್ತೈತೇನ್ರಿ?"

ಸತ್ತಿರಲಿಲ್ಲ. ಹೆಬ್ಬೆರಳಗಲದ ಆ ಎಸ್‌ಎಸ್‌ಡಿ ಒಳಗೆ ಆರಾಮಾಗಿ ಕೂತಿತ್ತು. ಅದು ಎಲ್ಲಿದೆ ಅಂತ ವಿಂಡೋಸ್‌ಗೆ ಹೇಳುವವರು ಯಾರೂ ಇರಲಿಲ್ಲ, ಅಷ್ಟೇ. ಇದೇ ಮಾತನ್ನು ನಾನು 1996ರಲ್ಲಿ ಗದಗದಲ್ಲಿ ಕೇಳಿದ್ದೆ. 2008ರಲ್ಲಿ ಹುಬ್ಬಳ್ಳಿಯಲ್ಲಿ ಕೇಳಿದ್ದೆ. ಮೂರು ಸಲವೂ ಡಿಸ್ಕ್ ಚಲೋ ಇತ್ತು. ತಪ್ಪಿದ್ದು ವಿಳಾಸ.

ಪ್ರೊಸೆಸರ್‌ಗೆ ಡಿಸ್ಕ್ ಅಂದರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರು ಮಾತ್ರ. ಈ ನಂಬರಿಗೆ ಇಷ್ಟು ಬರೆ, ಆ ನಂಬರಿನಿಂದ ಇಷ್ಟು ಓದು. ಡಿಸ್ಕಿಗೂ ಪ್ರೊಸೆಸರ್‌ಗೂ ನಡುವೆ ಅಡಾಪ್ಟರ್ ಇರುತ್ತದೆ. ನಮ್ಮ ಬಾಯಲ್ಲಿ ಅದು ಕಂಟ್ರೋಲರ್ ಕಾರ್ಡ್. ತನ್ನ ನಂಬರು ಕರೆದಾಗ ಅದು ಓಗೊಡುತ್ತದೆ, ಬೇರೆಯವರ ನಂಬರು ಕರೆದರೆ ಸುಮ್ನೆ ಇರುತ್ತದೆ. ಡ್ರೈವರ್ ಅನ್ನುವ ತಂತ್ರಾಂಶ ಆ ನಂಬರಿಗೆ ಹೋಗಿ ಬಾಗಿಲು ಬಡಿಯುತ್ತದೆ.

ಡ್ರೈವರೇ ಕಾರ್ಡಿಗೆ ವಿಳಾಸ ಕೊಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಡ್ರೈವರ್ ಹಾಕಿದ ಕೂಡಲೇ ಡಿಸ್ಕ್ ಕಾಣಿಸುತ್ತದಲ್ವಾ, ಹಾಗಾಗಿ ಹಾಗನ್ನಿಸುವುದು ಸಹಜ. ಆದರೆ ಮೊದಲು ವಿಳಾಸ ಕೊಟ್ಟಿದ್ದು ಮನುಷ್ಯರ ಬೆರಳು. ಆಮೇಲೆ ಬಯಾಸ್, ಅಂದರೆ ಮಷೀನ್ ಶುರುವಾದಾಗ ಎಲ್ಲಕ್ಕಿಂತ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ, ಕೊಟ್ಟಿತು. ಅದರ ಜೊತೆಗೆ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಭಾಗವೂ ಕೈಹಾಕಿತು. ಡ್ರೈವರ್ ಪಾಲಿಗೆ ಬರುವುದು 'ನಿನ್ನ ಕಾರ್ಡ್ ಇಲ್ಲಿದೆ' ಅನ್ನುವ ಒಂದು ಚೀಟಿ. ಆ ಚೀಟಿ ಬರೆಯುವವರು ಯಾರು ಅನ್ನುವುದು ಕಾಲಕಾಲಕ್ಕೆ ಬದಲಾಗುತ್ತಾ ಬಂತು. ಬದಲಾದಾಗಲೆಲ್ಲ ಎಲ್ಲೋ ಒಂದು ಕಡೆ ಡಿಸ್ಕ್ ಕಾಣದಂತಾಯಿತು.

ಬೆರಳಿನಿಂದ ಬರೆದ ವಿಳಾಸ

1983ರಲ್ಲಿ ಐಬಿಎಮ್ ತನ್ನ ಪಿಸಿ ಎಕ್ಸ್‌ಟಿಯನ್ನು 10 ಎಂಬಿ ಹಾರ್ಡ್ ಡಿಸ್ಕ್ ಜೊತೆ ತಂದಿತು. ಅದರ ಕಂಟ್ರೋಲರ್ ಕಾರ್ಡಿನ ಜಾಗ 320ನೇ ಪೋರ್ಟು. ಪೋರ್ಟು ಅಂದರೆ ಪ್ರೊಸೆಸರ್ ಕರೆಯುವ ಆ ನಂಬರು. ಈ ನಂಬರುಗಳೆಲ್ಲ ಹದಿನಾರರ ಲೆಕ್ಕದವು, 9 ಆದ ಮೇಲೆ ಎಯಿಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ. ಮರುವರ್ಷ ಪಿಸಿ ಎಟಿ ಬಂತು. ಅದರಲ್ಲಿ ಡಿಸ್ಕಿನ ಜಾಗ 1ಎಫ್0, ಇಂಟರಪ್ಟ್ (ಕಾರ್ಡ್ ತಾನಾಗಿ ಪ್ರೊಸೆಸರನ್ನು ಕರೆಯುವ ಗಂಟೆಯ ನಂಬರು) 14. ಎರಡನೇ ಕಂಟ್ರೋಲರ್ ಬೇಕಾದರೆ 170, ಇಂಟರಪ್ಟ್ 15. ವಿಳಾಸ ಹುಡುಕುವ ಮಾತೇ ಇರಲಿಲ್ಲ. ಊರ ಗೌಡರ ಮನೆ ಎಲ್ಲಿ ಅಂತ ಯಾರೂ ಬೋರ್ಡ್ ನೋಡಿ ಹೋಗುವುದಿಲ್ಲ, ಹಾಗೇ ಇದು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಬರೆದಾಗಲೂ ಹೀಗೇ. ಮೊದಲ ಆವೃತ್ತಿಯ ಡಿಸ್ಕ್ ಡ್ರೈವರಿನಲ್ಲಿ 1ಎಫ್0 ಅನ್ನುವ ನಂಬರು ನೇರವಾಗಿ ಬರೆದಿದೆ. ಎಟಿ ಹಾರ್ಡ್ ಡಿಸ್ಕ್ ಬಿಟ್ಟು ಬೇರೆ ಯಾವುದೂ ಇದರಲ್ಲಿ ಬಹುಶಃ ನಡೆಯಲಿಕ್ಕಿಲ್ಲ ಅಂತ ಆತ ಆಗ ಹೇಳಿದ್ದ. ಅವನ ಮನೆಯ ಮಷೀನಿನಲ್ಲಿ ಇದ್ದದ್ದು ಅದೇ.

ಒಂದು ಡಿಸ್ಕ್ ಇದ್ದಾಗ ಇದು ಸರಿ. ಕಾರ್ಡುಗಳು ಜಾಸ್ತಿ ಆದ ಮೇಲೆ ಕಷ್ಟ ಶುರುವಾಯಿತು. ಇಂಟೆಲ್ ಪ್ರೊಸೆಸರ್‌ಗೆ ಒಟ್ಟು 65,536 ಪೋರ್ಟುಗಳಿವೆ. ಕೇಳಿದರೆ ದೊಡ್ಡ ಊರು ಅನ್ನಿಸುತ್ತದೆ. ಆದರೆ ಆ ಕಾಲದ ಬಹುತೇಕ ಕಾರ್ಡುಗಳು ನಂಬರಿನ ಕೊನೆಯ 10 ಬಿಟ್ ಮಾತ್ರ ನೋಡುತ್ತಿದ್ದವು. ಅಂದರೆ ಅವುಗಳ ಪಾಲಿಗೆ ಇದ್ದದ್ದು 1,024 ಮನೆಗಳ ಓಣಿ. ಪ್ರಿಂಟರ್, ಮೌಸ್, ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಎಲ್ಲರೂ ಅದರಲ್ಲೇ ಇರಬೇಕು. ಯಾರು ಎಲ್ಲಿ ಅಂತ ತೀರ್ಮಾನ ಮಾಡುತ್ತಿದ್ದುದು ಕಾರ್ಡಿನ ಮೇಲಿನ ಜಂಪರ್.

ಜಂಪರ್ ನೋಡದ ಹೊಸಬರಿಗೆ ಹೇಳುತ್ತೇನೆ. ಕಾರ್ಡಿನ ಮೇಲೆ ಗುಂಡುಸೂಜಿಯಂಥ ಪಿನ್ನುಗಳ ಸಾಲು ಇರುತ್ತದೆ. ಅಕ್ಕಿಕಾಳಿಗಿಂತ ತುಸು ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಟೊಪ್ಪಿಗೆ, ಅದರೊಳಗೆ ಒಂದು ಚೂರು ಲೋಹ. ಎರಡು ಪಿನ್ನಿಗೆ ಆ ಟೊಪ್ಪಿಗೆ ಹಾಕಿದರೆ ಅವು ಕೂಡುತ್ತವೆ. ಯಾವ ಜೋಡಿಗೆ ಹಾಕಿದ್ದೀರಿ ಅನ್ನುವುದರ ಮೇಲೆ ವಿಳಾಸ. ತೆಗೆಯಲು ಚಿಮಟ ಬೇಕು. ಕೈಜಾರಿ ಕೆಳಗೆ ಬಿದ್ದರೆ ಕಸಬರಿಗೆ ಹಿಡಿದು ಇಡೀ ಅಂಗಡಿ ಗುಡಿಸಬೇಕು.

ಆಗ ನಾನು ಇನ್ನೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. 1996. ಗದಗದ ಒಂದು ಪ್ರೆಸ್ಸಿನಿಂದ ಫೋನ್ ಬಂತು. ಗದಗ ಅಂದರೆ ಮುದ್ರಣ ಕಾಶಿ. ಕ್ಯಾಲೆಂಡರ್, ನೋಟ್‌ಬುಕ್, ಲಗ್ನಪತ್ರಿಕೆ ಅಂತ ಓಣಿ ಓಣಿಗೆ ಮಷೀನಿನ ಸದ್ದು. ಈ ಪ್ರೆಸ್ಸಿನ ಡಿಟಿಪಿ ಕಂಪ್ಯೂಟರಿನಲ್ಲಿ ಸ್ಕಸಿ ಕಾರ್ಡ್, ಅಂದರೆ ಹಲವು ಸಾಧನಗಳನ್ನು ಒಂದೇ ಕಡೆ ಜೋಡಿಸುವ ಕಂಟ್ರೋಲರ್ ಕಾರ್ಡ್ ಇತ್ತು. ಸ್ಕ್ಯಾನರ್, ದೊಡ್ಡ ಡಿಸ್ಕ್ ಎರಡೂ ಅದಕ್ಕೇ ಜೋಡಿಸಿದ್ದರು. ಮಾಲೀಕರ ಮಗ ಬೆಂಗಳೂರಿನಿಂದ ಸೌಂಡ್ ಕಾರ್ಡ್ ತಂದು ಹಾಕಿದ್ದ. ಅವತ್ತಿನಿಂದ ಡಿಸ್ಕೂ ಇಲ್ಲ, ಸ್ಕ್ಯಾನರೂ ಇಲ್ಲ. ಲಗ್ನದ ಸೀಸನ್ ಬೇರೆ.

"ತಮ್ಮಾ, ಹಾಡು ಕೇಳಾಕ ಒಂದು ಕಾರ್ಡ್ ಹಾಕಿದ್ರ ಡಿಸ್ಕ್ ಯಾಕ ಹೋಗ್ಬೇಕು?" ಅಂತ ಮಾಲೀಕರು ಕೇಳಿದರು. ನನಗೂ ಗೊತ್ತಿರಲಿಲ್ಲ. ಎರಡೂ ಕಾರ್ಡಿನ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದಾಗ ತಿಳಿಯಿತು. ಸ್ಕಸಿ ಕಾರ್ಡ್ ಕಾರ್ಖಾನೆಯಿಂದ ಬರುವಾಗಲೇ 330ಕ್ಕೆ ಹೊಂದಿಸಿದ್ದು. 330ರಿಂದ 333ರವರೆಗೆ ನಾಲ್ಕು ಪೋರ್ಟು ಅದರದ್ದು. ಸೌಂಡ್ ಕಾರ್ಡಿನಲ್ಲಿ ಸಂಗೀತ ಕೀಬೋರ್ಡ್ ಜೋಡಿಸಲು ಮಿಡಿ ಅಂತ ಒಂದು ಭಾಗ ಇರುತ್ತದೆ. ಅದರ ಜಾಗವೂ 330. ಆ ಪ್ರೆಸ್ಸಿನಲ್ಲಿ ಮಿಡಿ ಬಳಸುವವರು ಯಾರೂ ಇರಲಿಲ್ಲ. ಆದರೂ ಪ್ರೊಸೆಸರ್ 330 ಅಂತ ಕರೆದಾಗ ಇಬ್ಬರೂ ಒಟ್ಟಿಗೆ 'ಓ' ಅನ್ನುತ್ತಿದ್ದರು. ಕೇಳಿಸಿಕೊಂಡ ಪ್ರೊಸೆಸರ್‌ಗೆ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ.

ಸ್ಕಸಿ ಕಾರ್ಡಿನ ಜಂಪರ್ ಒಂದು ಜಾಗದಿಂದ ತೆಗೆದು ಪಕ್ಕಕ್ಕೆ ಹಾಕಿದೆವು. 334 ಆಯಿತು. ಡ್ರೈವರ್ ಸಾಲಿನಲ್ಲೂ 334 ಅಂತ ಬರೆದೆವು. ಡಿಸ್ಕ್ ಬಂತು, ಸ್ಕ್ಯಾನರ್ ಬಂತು, ಹಾಡೂ ಬಂತು. ಕೆಲಸ ಐದು ನಿಮಿಷದ್ದು, ಓದಿದ್ದು ಮೂರು ಗಂಟೆ. ವಿಳಾಸವನ್ನು ಎರಡು ಕಡೆ ಬರೆಯಬೇಕು, ಎರಡೂ ಹೊಂದಬೇಕು ಅನ್ನುವುದನ್ನು ನಾನು ಕಲಿತಿದ್ದು ಅಲ್ಲಿ. ಕಾರ್ಡಿನ ಮೇಲೆ ಟೊಪ್ಪಿಗೆಯಿಂದ ಒಮ್ಮೆ, ಡ್ರೈವರಿನಲ್ಲಿ ಅಕ್ಷರದಿಂದ ಒಮ್ಮೆ.

ಸ್ಕಸಿಯಲ್ಲಿ ಇನ್ನೂ ಒಂದು ನಂಬರು ಇತ್ತು. ಕಾರ್ಡಿಗೆ ಜೋಡಿಸಿದ ಪ್ರತಿ ಸಾಧನಕ್ಕೂ 0ಯಿಂದ 7ರೊಳಗೆ ಒಂದು ಐಡಿ. ರೂಢಿಯಲ್ಲಿ 7 ಕಾರ್ಡಿನದ್ದು, 0 ಬೂಟ್ ಆಗುವ ಡಿಸ್ಕಿನದ್ದು. 7ಕ್ಕೆ ಎಲ್ಲರಿಗಿಂತ ಮೊದಲು ಮಾತಾಡುವ ಹಕ್ಕು. ಈ ಐಡಿಗೂ ಜಂಪರೇ.

ಹುಡುಕಲು ಹೋಗಿ ಹ್ಯಾಂಗ್ ಆದದ್ದು

ಜನರಿಗೆ ಜಂಪರ್ ಬೇಸರ ತಂದಿತು. ಡ್ರೈವರ್ ಬರೆಯುವವರು ಒಂದು ಉಪಾಯ ಹೂಡಿದರು. ಬಳಕೆದಾರರನ್ನು ಯಾಕೆ ಕೇಳಬೇಕು, ನಾವೇ ಒಂದೊಂದು ಬಾಗಿಲು ಬಡಿದು ನೋಡೋಣ. ಇದಕ್ಕೆ ಪ್ರೋಬ್ ಅಂತ ಹೆಸರು. ಆ ಕಾಲದಲ್ಲಿ ಬಹಳ ಓಡುತ್ತಿದ್ದ ಅಡಾಪ್ಟೆಕ್ 1542 ಸ್ಕಸಿ ಕಾರ್ಡ್ ಇರಬಹುದಾದ ಜಾಗ ಆರು: 130, 134, 230, 234, 330, 334. ಡ್ರೈವರ್ ಅಲ್ಲಿಗೆ ಹೋಗಿ ಏನಾದರೂ ಬರೆಯುವುದು, ಉತ್ತರ ತನ್ನ ಕಾರ್ಡಿನ ಥರ ಬಂದರೆ ಅಲ್ಲೇ ನಿಲ್ಲುವುದು.

ತೊಂದರೆ ಏನೆಂದರೆ ಆ ಬಾಗಿಲ ಹಿಂದೆ ಇರುವವರು ಬೇರೆಯವರಾದರೆ? ನಮ್ಮಲ್ಲಿ ಅಪರಿಚಿತರು ಬಾಗಿಲು ಬಡಿದರೆ 'ಯಾರ್ರೀ, ಯಾರು ಬೇಕಾಗಿತ್ತು' ಅಂತ ಕೇಳುತ್ತಾರೆ. ಆ ಕಾರ್ಡುಗಳಿಗೆ ಅಷ್ಟು ಕೇಳುವ ಶಕ್ತಿ ಇರಲಿಲ್ಲ. ಅವುಗಳ ಪಾಲಿಗೆ ಬಂದ ಪ್ರತಿ ಬೈಟೂ ಆಜ್ಞೆಯೇ. ಕೆಲವು ನೆಟ್‌ವರ್ಕ್ ಕಾರ್ಡುಗಳು ತಪ್ಪು ಪೋರ್ಟನ್ನು ಸುಮ್ನೆ ಓದಿದರೂ ಸಾಕು, ಇಡೀ ಮಷೀನನ್ನೇ ಹ್ಯಾಂಗ್ ಮಾಡುತ್ತಿದ್ದವು. ಲಿನಕ್ಸಿನಲ್ಲಿ 'ಇಷ್ಟು ಪೋರ್ಟುಗಳ ಕಡೆ ಯಾರೂ ಹೋಗಬೇಡಿ' ಅಂತ ಬೂಟ್ ಸಾಲಿನಲ್ಲೇ ಬರೆಯುವ ಒಂದು ಸೌಲಭ್ಯ ಸೇರಿಸಬೇಕಾಯಿತು. ಅದರ ಹೆಸರು 'ರಿಸರ್ವ್'. ಅಂದರೆ ಬಳಕೆದಾರರನ್ನು ಕೇಳದೆ ಮಾಡಲು ಹೋದವರು ಕೊನೆಗೆ ಬಳಕೆದಾರರನ್ನೇ ಕೇಳಿದರು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಇಡೀ ಇತಿಹಾಸದಲ್ಲಿ ನಿಜವಾದ ಮುನ್ನಡೆ ವೇಗದ್ದಲ್ಲ. ಕಾರ್ಡಿಗೆ 'ನೀನು ಯಾರು, ನಿನಗೆ ಎಷ್ಟು ಜಾಗ ಬೇಕು' ಅಂತ ಕೇಳಿದರೆ ಹಾಳಾಗದಂತೆ ಉತ್ತರ ಕೊಡುವುದನ್ನು ಕಲಿಸಿದ್ದೇ ದೊಡ್ಡದು.

ಐಬಿಎಮ್ 1987ರಲ್ಲೇ ತನ್ನ ಪಿಎಸ್/2 ಮಷೀನುಗಳಲ್ಲಿ ಜಂಪರ್ ಇಲ್ಲದ ಕಾರ್ಡುಗಳನ್ನು ತಂದಿತ್ತು. ಅದು ನಮ್ಮ ಕಡೆಯ ಅಂಗಡಿಗಳಿಗೆ ಮುಟ್ಟಿದ್ದು ತೀರಾ ಕಡಿಮೆ. ನಮಗೆ ತಟ್ಟಿದ್ದು 1993ರ ಪ್ಲಗ್ ಅಂಡ್ ಪ್ಲೇ. ಹಳೆಯ ಸ್ಲಾಟಿನಲ್ಲೇ ಕೂರುವ ಕಾರ್ಡು, ಆದರೆ ಅದಕ್ಕೆ 72 ಬಿಟ್ಟಿನ ಒಂದು ಗುರುತು. ಅದರಲ್ಲಿ 8 ಬಿಟ್ ತಪ್ಪು ಹಿಡಿಯಲು. ಕಂಪ್ಯೂಟರ್ ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಎಬ್ಬಿಸಿ ಮೊದಲ ಬಿಟ್ ಕೇಳುತ್ತದೆ. ತನ್ನ ಬಿಟ್ 1 ಇದ್ದವರು ಕೂಗುತ್ತಾರೆ, 0 ಇದ್ದವರು ಕಿವಿಗೊಟ್ಟು ಕೇಳುತ್ತಾರೆ. ಬೇರೆ ಯಾರೋ ಕೂಗಿದ್ದು ಕೇಳಿಸಿದರೆ 0 ಇದ್ದವರು ಆ ಸುತ್ತಿನಿಂದ ಹಿಂದೆ ಸರಿಯುತ್ತಾರೆ. ಹೀಗೆ 72 ಸಲ. ಕೊನೆಗೆ ಒಬ್ಬರೇ ಉಳಿಯುತ್ತಾರೆ. ಅವರಿಗೊಂದು ಟೋಕನ್ ನಂಬರ್ ಕೊಟ್ಟು ಕೂರಿಸಿ, ಉಳಿದವರ ಜೊತೆ ಮತ್ತೆ ಮೊದಲಿನಿಂದ. ಒಂದೇ ತಂತಿಯ ಮೇಲೆ ಕೂತ ಹತ್ತು ಜನರಲ್ಲಿ ಒಬ್ಬೊಬ್ಬರನ್ನೇ ಜಗಳ ಇಲ್ಲದೆ ಬೇರೆ ಮಾಡುವ ಈ ಲೆಕ್ಕ ನನಗೆ ಇವತ್ತಿಗೂ ಬಹಳ ಚೆಂದ ಅನ್ನಿಸುತ್ತದೆ. 1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದಾಗ ಇದು ಮನೆಮಾತಾಯಿತು. ಹಳೆಯ ಜಂಪರ್ ಕಾರ್ಡು, ಹೊಸ ಕಾರ್ಡು ಒಂದೇ ಡಬ್ಬಿಯಲ್ಲಿ ಸೇರಿದ್ದರಿಂದ ಗೊಂದಲ ಮಾತ್ರ ಕೆಲವು ವರ್ಷ ಹಾಗೇ ಇತ್ತು.

ಪಿಸಿಐ ಕೇಳುವ ರೀತಿ

ಇಂಟೆಲ್ 1992ರಲ್ಲಿ ಪಿಸಿಐ ಅನ್ನುವ, ಕಾರ್ಡುಗಳನ್ನು ಮದರ್‌ಬೋರ್ಡಿಗೆ ಜೋಡಿಸುವ ಪದ್ಧತಿ ಪ್ರಕಟಿಸಿತು. ಇವತ್ತಿನ ನಿಮ್ಮ ಲ್ಯಾಪ್‌ಟಾಪಿನಲ್ಲೂ ನಡೆಯುತ್ತಿರುವುದು ಅದರದ್ದೇ ಪದ್ಧತಿ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಪಿಸಿಐ ಪ್ರತಿ ಕಾರ್ಡಿಗೂ 256 ಬೈಟಿನ ಒಂದು ಪರಿಚಯಪತ್ರ ಕಡ್ಡಾಯ ಮಾಡಿತು. ಇದನ್ನು ಕಾನ್ಫಿಗರೇಷನ್ ಸ್ಪೇಸ್ ಅನ್ನುತ್ತಾರೆ. ಕಾರ್ಡಿಗೆ ಇನ್ನೂ ವಿಳಾಸ ಸಿಗದಿದ್ದರೂ ಇದನ್ನು ಓದಬಹುದು. ಎಷ್ಟನೇ ಬಸ್ (ಕಾರ್ಡುಗಳು ಹಂಚಿಕೊಳ್ಳುವ ತಂತಿಗಳ ದಾರಿ), ಎಷ್ಟನೇ ಸಾಧನ, ಅದರೊಳಗೆ ಎಷ್ಟನೇ ಕೆಲಸ ಅಂತ ಹೇಳಿದರೆ ಸಾಕು. ಬಸ್ಸು 256 ಇರಬಹುದು, ಒಂದು ಬಸ್ಸಿನಲ್ಲಿ 32 ಸಾಧನ, ಒಂದು ಸಾಧನದಲ್ಲಿ 8 ಕೆಲಸ. ಅಲ್ಲಿ ಯಾರೂ ಇಲ್ಲದಿದ್ದರೆ ಓದಿದಾಗ ಎಲ್ಲ ಬಿಟ್ಟೂ 1 ಬರುತ್ತದೆ. ಖಾಲಿ ಮನೆ ಅಂತ ತಿಳಿದು ಮುಂದೆ ಹೋಗಬಹುದು. ಹ್ಯಾಂಗ್ ಆಗುವ ಭಯವಿಲ್ಲ.

ಪತ್ರದಲ್ಲಿ ತಯಾರಕರ ನಂಬರು, ಸಾಧನದ ನಂಬರು, ಮತ್ತೆ ಯಾವ ಜಾತಿಯ ಕೆಲಸ ಅನ್ನುವ ಕೋಡ್ ಇರುತ್ತದೆ. ಸ್ಟೋರೇಜ್ ಆದರೆ ಮೊದಲ ಕೋಡ್ 01. ಅದರ ಪಕ್ಕ 00 ಇದ್ದರೆ ಸ್ಕಸಿ, 01 ಇದ್ದರೆ ಐಡಿಇ ಅನ್ನುವ ಹಳೆಯ ಎಟಿ ಡಿಸ್ಕಿನ ಪದ್ಧತಿ, 04 ಇದ್ದರೆ ಹಲವು ಡಿಸ್ಕುಗಳನ್ನು ಒಂದಾಗಿಸುವ ರೇಡ್, 06 ಐಡಿಇ ನಂತರದ ಸಾಟಾ, 08 ಹೊಸ ಎಸ್‌ಎಸ್‌ಡಿಗಳ ಎನ್‌ವಿಎಮ್‌ಇ. ಕಾರ್ಡಿನ ಹೆಸರು ಗೊತ್ತಿಲ್ಲದಿದ್ದರೂ ಅದರ ಕೆಲಸ ಏನು ಅಂತ ಇಷ್ಟರಿಂದ ತಿಳಿಯುತ್ತದೆ.

ಇನ್ನು ಜಾಗದ ಮಾತು. ಪತ್ರದಲ್ಲಿ ಆರು ಖಾಲಿ ಮನೆಗಳಿವೆ, ಒಂದೊಂದೂ 32 ಬಿಟ್. ಇವುಗಳ ಹೆಸರು ಬೇಸ್ ಅಡ್ರೆಸ್ ರಿಜಿಸ್ಟರ್, ಚಿಕ್ಕದಾಗಿ ಬಾರ್. ಕಾರ್ಡಿನ ವಿಳಾಸ ಬರೆಯುವುದು ಇಲ್ಲಿ. ಆದರೆ ಬರೆಯುವ ಮುಂಚೆ ಎಷ್ಟು ಜಾಗ ಬೇಕು ಅಂತ ಕೇಳಬೇಕಲ್ಲ. ಕೇಳುವ ರೀತಿ ಹೀಗಿದೆ. ಬಾರಿನಲ್ಲಿ 32 ಬಿಟ್ಟಿಗೂ 1 ಬರೆಯಿರಿ. ಈಗ ಅದನ್ನೇ ಮತ್ತೆ ಓದಿ. ಮೇಲಿನ ಬಿಟ್ಟುಗಳು 1 ಆಗಿಯೇ ಬರುತ್ತವೆ. ಕೆಳಗಿನ ಕೆಲವು ಬಿಟ್ಟುಗಳನ್ನು ಕಾರ್ಡು 0ಯಲ್ಲೇ ಗಟ್ಟಿಯಾಗಿ ಹಿಡಿದಿರುತ್ತದೆ. ಎನ್‌ವಿಎಮ್‌ಇ ಎಸ್‌ಎಸ್‌ಡಿ ಒಂದನ್ನು ತೆಗೆದುಕೊಳ್ಳಿ. ಅದು ಕೊನೆಯ 14 ಬಿಟ್ ಬಿಟ್ಟುಕೊಡುವುದಿಲ್ಲ ಅಂದುಕೊಳ್ಳೋಣ. ಅದರಲ್ಲೂ ತೀರಾ ಕೆಳಗಿನ ನಾಲ್ಕು, ಇದು ಯಾವ ಥರದ ಜಾಗ ಅಂತ ಹೇಳಲು ಮೀಸಲು, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. 14 ಬಿಟ್ಟಿನಲ್ಲಿ ಎಣಿಸಬಹುದಾದದ್ದು 16,384. ಅಂದರೆ ನನಗೆ 16 ಕೆಬಿ ಜಾಗ ಕೊಡಿ ಅಂತ ಕಾರ್ಡು ಹೇಳಿದಂತಾಯಿತು. 16 ಕೆಬಿಗೆ ಸರಿಯಾಗಿ ಭಾಗವಾಗುವ ವಿಳಾಸವನ್ನೇ ಕೊಡಿ ಅನ್ನುವುದೂ ಅದರೊಳಗೇ ಬಂತು, ಯಾಕೆಂದರೆ ಕೆಳಗಿನ ಬಿಟ್ಟುಗಳು ಯಾವಾಗಲೂ 0.

ಒಂದೇ ರಿಜಿಸ್ಟರಿನಲ್ಲಿ ಪ್ರಶ್ನೆ, ಉತ್ತರ, ಷರತ್ತು, ಕೊನೆಗೆ ವಿಳಾಸ. ಜಂಪರ್ ಕಿತ್ತು ಹಾಕಿ ಬೆಳೆದ ನನಗೆ ಇದನ್ನು ಮೊದಲ ಸಲ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಪಿಸಿಯಲ್ಲಿ ಈ ಕೆಲಸವನ್ನು ಮೊದಲು ಮಾಡುವುದು ಬಯಾಸ್. ಕರೆಂಟ್ ಬಂದ ಕೂಡಲೇ ಬಸ್ಸುಗಳನ್ನೆಲ್ಲ ಸುತ್ತಿ, ಎಲ್ಲರ ಬೇಡಿಕೆ ಕೇಳಿ, ವಿಳಾಸ ಹಂಚುತ್ತದೆ. ಆಮೇಲೆ ಲಿನಕ್ಸೋ ವಿಂಡೋಸೋ ಬಂದು ಬಾರುಗಳನ್ನು ಓದಿ, ಸರಿ ಇದ್ದರೆ ಹಾಗೇ ಬಿಡುತ್ತದೆ. ಒಂದರ ಮೇಲೊಂದು ಬಿದ್ದಿದ್ದರೆ, ಜಾಗ ಸಾಲದಿದ್ದರೆ ತಾನೇ ಬದಲಿಸಲು ನೋಡುತ್ತದೆ. ಅದೂ ಆಗದಿದ್ದರೆ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು, ಕೋಡ್ 12. ಡ್ರೈವರಿನ ಸರದಿ ಇದೆಲ್ಲ ಮುಗಿದ ಮೇಲೆ. ಈ ನಂಬರಿನ ಸಾಧನ ನನ್ನದು ಅಂತ ಅದು ಮೊದಲೇ ಪಟ್ಟಿ ಕೊಟ್ಟಿರುತ್ತದೆ. ಹೊಂದುವ ಸಾಧನ ಸಿಕ್ಕಾಗ ಆಪರೇಟಿಂಗ್ ಸಿಸ್ಟಮ್ ಅದನ್ನು ಕರೆದು ಚೀಟಿ ಕೈಗಿಡುತ್ತದೆ. ಡ್ರೈವರ್ ಆ ಜಾಗವನ್ನು ತನ್ನ ಹೆಸರಿಗೆ ಬರೆಸಿಕೊಂಡು, ತನ್ನ ಕಣ್ಣಿಗೆ ಕಾಣುವಂತೆ ಮ್ಯಾಪ್ ಮಾಡಿಕೊಂಡು ಕೆಲಸ ಶುರು ಮಾಡುತ್ತದೆ. ಲಿನಕ್ಸ್ ಇದ್ದವರು ಪ್ರಾಕ್ ಫೋಲ್ಡರಿನ ಐಓಮೆಮ್ ಕಡತವನ್ನು ರೂಟ್ ಆಗಿ ತೆರೆದು ನೋಡಿ. ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಯಾವ ಡ್ರೈವರಿನ ಹೆಸರಿದೆ ಅಂತ ಸಾಲಾಗಿ ಸಿಗುತ್ತದೆ.

ಹಳೆಯ 1ಎಫ್0 ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಮದರ್‌ಬೋರ್ಡಿನ ಐಡಿಇ ಕಂಟ್ರೋಲರ್ ಪಿಸಿಐ ಸಾಧನವಾದ ಮೇಲೂ ಹಳೆಯ ತಂತ್ರಾಂಶಗಳಿಗಾಗಿ 1ಎಫ್0, 170ಕ್ಕೇ ಓಗೊಡುತ್ತಿತ್ತು. ಬಾರಿನಲ್ಲಿ ಏನಿದ್ದರೂ ಇಲ್ಲದಿದ್ದರೂ ಅಷ್ಟೇ. 2004ರಲ್ಲಿ ಸಾಟಾ ಡಿಸ್ಕಿಗಾಗಿ ಎಎಚ್‌ಸಿಐ ಅನ್ನುವ ಹೊಸ ಪದ್ಧತಿ ಬಂತು. ಅದರ ವಿಳಾಸ ಕೂರುವುದು ಆರನೇ ಬಾರಿನಲ್ಲಿ. ಅದಕ್ಕಿಂತ ಮೊದಲಿನ ಐದನ್ನು ಹಳೆಯ ಐಡಿಇ ವೇಷಕ್ಕೆ ಬಿಟ್ಟಿದ್ದರು. ಒಂದೇ ಚಿಪ್ಪಿಗೆ ಎರಡು ವೇಷ. ಯಾವುದು ಬೇಕು ಅಂತ ಬಯಾಸಿನಲ್ಲಿ ಆರಿಸಬೇಕು.

2008ರ ನನ್ನ ದಿನಗಳು ಕಳೆದದ್ದು ಈ ಆಯ್ಕೆಯಲ್ಲೇ. ಹೊಸ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ವಿಸ್ಟಾ ಇರುತ್ತಿತ್ತು, ಜನರಿಗೆ ಅದಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿ ಬೇಕಿತ್ತು. 2001ರ ಎಕ್ಸ್‌ಪಿಗೆ 2004ರ ಎಎಚ್‌ಸಿಐ ಗೊತ್ತಿಲ್ಲ. ಹಾರ್ಡ್ ಡಿಸ್ಕ್ ಇಲ್ಲ ಅಂತ ನೀಲಿ ಪರದೆಯಲ್ಲಿ ಹೇಳಿ ನಿಲ್ಲುತ್ತಿತ್ತು. ಎಫ್6 ಒತ್ತಿ ಡ್ರೈವರ್ ಕೊಡಬಹುದು, ಆದರೆ ಫ್ಲಾಪಿಯಿಂದ ಮಾತ್ರ. ಲ್ಯಾಪ್‌ಟಾಪಿಗೆ ಫ್ಲಾಪಿ ಎಲ್ಲಿಂದ ತರುವುದು? ಬಯಾಸಿಗೆ ಹೋಗಿ ಐಡಿಇ ವೇಷ ಹಾಕಿಸುತ್ತಿದ್ದೆವು. ಎಕ್ಸ್‌ಪಿ ಕೂರುತ್ತಿತ್ತು. ಕೆಲವು ದಿನ ಕಳೆದು ಯಾರೋ ವೇಗ ಜಾಸ್ತಿ ಆಗುತ್ತದೆ ಅಂತ ಓದಿ ವಾಪಸ್ ಎಎಚ್‌ಸಿಐ ಮಾಡುತ್ತಿದ್ದರು. ಬೂಟ್ ಆಗುವಾಗ ಬ್ಲೂ ಸ್ಕ್ರೀನ್, ಕೊನೆಯಲ್ಲಿ 7ಬಿ. ಆ ಕೋಡಿನ ಅರ್ಥ ಇಷ್ಟೇ: ಬೂಟ್ ಆಗಬೇಕಾದ ಡಿಸ್ಕನ್ನು ಮುಟ್ಟಲು ಆಗುತ್ತಿಲ್ಲ. ವೇಷ ಬದಲಾದಾಗ ಪತ್ರದ ಕೋಡ್ 01 01 ಹೋಗಿ 01 06 ಆಯಿತು. ಅದಕ್ಕೆ ಹೊಂದುವ ಡ್ರೈವರನ್ನು ಬೂಟಿನ ಹೊತ್ತಿಗೆ ವಿಂಡೋಸ್ ಎಬ್ಬಿಸಿಯೇ ಇರಲಿಲ್ಲ.

ಗಾಡಿ ನಂಬರು, ಪ್ಲಾಟ್‌ಫಾರ್ಮ್ ನಂಬರು

ಕಾರ್ಡಿಗೆ ವಿಳಾಸ ಸಿಕ್ಕಿತು. ಅದರ ಹಿಂದಿನ ಡಿಸ್ಕಿಗೆ ಹೆಸರು ಬೇಕಲ್ಲ. ಲಿನಕ್ಸಿನ ಹಳೆಯ ಹೆಸರುಗಳು ಕೇಬಲ್ಲಿಗೆ ಕಟ್ಟಿದ್ದವು. 1ಎಫ್0 ಕಂಟ್ರೋಲರಿನ ಕೇಬಲ್ಲಿಗೆ ಎರಡು ಡಿಸ್ಕ್, ಮೊದಲನೆಯದು ಮಾಸ್ಟರ್, ಎರಡನೆಯದು ಸ್ಲೇವ್. ಮಾಸ್ಟರ್ ಯಾವಾಗಲೂ ಎಚ್‌ಡಿಎ, ಸ್ಲೇವ್ ಎಚ್‌ಡಿಬಿ. 170ರ ಮಾಸ್ಟರ್ ಎಚ್‌ಡಿಸಿ. ನಡುವಿನ ಡಿಸ್ಕ್ ಕಿತ್ತರೂ ಎಚ್‌ಡಿಸಿ ಎಚ್‌ಡಿಸಿಯೇ. ಸ್ಕಸಿ ಡಿಸ್ಕುಗಳ ಲೆಕ್ಕ ಬೇರೆ. ಮೊದಲು ಸಿಕ್ಕಿದ್ದು ಎಸ್‌ಡಿಎ, ಆಮೇಲೆ ಸಿಕ್ಕಿದ್ದು ಎಸ್‌ಡಿಬಿ. 2007ರ ಮೇ ತಿಂಗಳಲ್ಲಿ ಬಂದ ಫೆಡೋರಾ 7 ಅನ್ನುವ ಲಿನಕ್ಸ್ ವಿತರಣೆಯಲ್ಲಿ ಐಡಿಇ ಡಿಸ್ಕುಗಳೂ ಹೊಸ ಡ್ರೈವರ್ ಕೆಳಗೆ ಬಂದು ಎಸ್‌ಡಿ ಹೆಸರು ಪಡೆದವು. ಬೇರೆ ವಿತರಣೆಗಳೂ ಅದೇ ದಾರಿ ಹಿಡಿದವು. ಹಳೆಯ ಐಡಿಇ ಡ್ರೈವರ್ 2021ರಲ್ಲಿ, ಲಿನಕ್ಸಿನ ತಿರುಳಾದ ಕರ್ನಲ್ಲಿನ 5.14ನೇ ಆವೃತ್ತಿಯಲ್ಲಿ ಪೂರ್ತಿ ಹೋಯಿತು.

ಅಂದರೆ ಹೆಸರು ಈಗ ಡಿಸ್ಕಿನದ್ದಲ್ಲ, ಸರದಿಯದ್ದು. ಇದನ್ನು ನಾನು ಹಾವೇರಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಕಲಿತೆ. ಕಲಿತ ರೀತಿ ಚೆನ್ನಾಗಿರಲಿಲ್ಲ. ಅವರ ಹಳೆಯ ಡಿಸ್ಕನ್ನು ಹೊಸದಕ್ಕೆ ಪೂರ್ತಿ ನಕಲು ಮಾಡಬೇಕಿತ್ತು. ಬೆಳಿಗ್ಗೆ ನೋಡಿದಾಗ ಹಳೆಯದು ಎಸ್‌ಡಿಎ, ಹೊಸದು ಎಸ್‌ಡಿಬಿ. ಕಾಗದದ ಮೇಲೆ ಬರೆದುಕೊಂಡೆ. ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಮಷೀನ್ ಶುರು ಮಾಡಿ, ಕಾಗದ ನೋಡಿಕೊಂಡು ಎಸ್‌ಡಿಎಯಿಂದ ಎಸ್‌ಡಿಬಿಗೆ ಅಂತ ಆಜ್ಞೆ ಕೊಟ್ಟೆ. ಈ ಸಲ ಹೊಸ ಡಿಸ್ಕ್ ಮೊದಲು ಸಿಕ್ಕಿತ್ತು. ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಇಳಿಯತೊಡಗಿತು. ದೀಪ ಮಿನುಗುವುದು ತಪ್ಪು ಡಿಸ್ಕಿನದ್ದು ಅಂತ ಕಣ್ಣಿಗೆ ಬಿದ್ದು ನಿಲ್ಲಿಸುವ ಹೊತ್ತಿಗೆ ಎರಡು ಲಗ್ನದ ಫೋಟೊಗಳು ಹೋಗಿದ್ದವು. ಉಳಿದದ್ದನ್ನು ಹೆಕ್ಕಿ ಕೊಟ್ಟೆ. ಆ ಎರಡು ಮನೆಯವರಿಗೆ ಸ್ಟುಡಿಯೋದವರು ಏನು ಹೇಳಿದರೋ, ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಾಡಿ ಹಿಡಿಯುವವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ಗಾಡಿಗೆ ಒಂದು ನಂಬರಿದೆ, ಅದು ಗಾಡಿಯ ಜೊತೆ ಹೋಗುತ್ತದೆ. ಇವತ್ತು ಯಾವ ಪ್ಲಾಟ್‌ಫಾರ್ಮಿಗೆ ಬಂತು ಅನ್ನುವುದು ಇವತ್ತಿನ ಮಾತು. ನಿನ್ನೆ ಒಂದನೇ ಪ್ಲಾಟ್‌ಫಾರ್ಮಿಗೆ ಬಂದಿತ್ತು ಅಂತ ಕಣ್ಣುಮುಚ್ಚಿ ಹತ್ತಿದರೆ ಇನ್ನೆಲ್ಲೋ ಇಳಿಯುತ್ತೀರಿ. ಎಸ್‌ಡಿಎ ಅನ್ನುವುದು ಪ್ಲಾಟ್‌ಫಾರ್ಮ್ ನಂಬರು. ಪಿಸಿಐ ವಿಳಾಸವೂ ಅಷ್ಟೇ. ಹೊಸ ಕಾರ್ಡ್ ಚುಚ್ಚಿದರೆ, ಬಯಾಸಿನಲ್ಲಿ ಏನೋ ಬದಲಿಸಿದರೆ ಬಸ್ ನಂಬರುಗಳೇ ಸರಿದುಹೋಗಬಹುದು. ಹೊಸ ಕರ್ನಲ್ಲುಗಳು ಡಿಸ್ಕುಗಳನ್ನು ಒಟ್ಟೊಟ್ಟಿಗೆ ಹುಡುಕುವುದರಿಂದ ಸರದಿ ಇನ್ನೂ ಸಡಿಲವಾಗಿದೆ.

ಗಾಡಿ ನಂಬರಿಗೆ ಸಮನಾದದ್ದು ಡಿಸ್ಕಿನಲ್ಲೂ ಇದೆ. ಕಾರ್ಖಾನೆಯಲ್ಲೇ ಬರೆದ ಸೀರಿಯಲ್ ನಂಬರ್ ಒಂದು. ಸರ್ವರ್ ಡಿಸ್ಕುಗಳಲ್ಲಿ 64 ಬಿಟ್ಟಿನ ವರ್ಲ್ಡ್ ವೈಡ್ ನೇಮ್ ಇನ್ನೊಂದು. ಫೈಲ್ ಸಿಸ್ಟಮ್ ಮಾಡುವಾಗ ಅದರೊಳಗೇ ಬರೆಯುವ 128 ಬಿಟ್ಟಿನ ಯುಯುಐಡಿ ಮತ್ತೊಂದು. 2003ರಲ್ಲಿ ಶುರುವಾದ ಲಿನಕ್ಸಿನ ಯುಡೆವ್ ಅನ್ನುವ ತಂತ್ರಾಂಶ ಈ ಗುರುತುಗಳನ್ನೆಲ್ಲ ಓದಿ, ಡೆವ್ ಫೋಲ್ಡರಿನೊಳಗೆ ಡಿಸ್ಕ್ ಅನ್ನುವ ಕಡೆ ಬೈ-ಐಡಿ, ಬೈ-ಯುಯುಐಡಿ, ಬೈ-ಪಾತ್ ಅಂತ ಬೇರೆ ಬೇರೆ ಹೆಸರಿನ ಕೊಂಡಿ ಹಾಕಿಡುತ್ತದೆ. ಬೂಟಿನಲ್ಲಿ ಯಾವುದನ್ನು ಎಲ್ಲಿ ಜೋಡಿಸಬೇಕು ಅಂತ ಬರೆಯುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಈಗ ಯುಯುಐಡಿಯೇ ಇರುತ್ತದೆ. ಆದರೆ ಯುಯುಐಡಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಡಿಸ್ಕನ್ನು ಬೈಟಿಗೆ ಬೈಟು ನಕಲು ಮಾಡಿದರೆ ಅದೂ ನಕಲಾಗುತ್ತದೆ. ಒಂದೇ ಮಷೀನಿನಲ್ಲಿ ಅವಳಿ ಡಿಸ್ಕುಗಳು ಕೂತರೆ ಎಕ್ಸ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಎರಡನೆಯದನ್ನು ಜೋಡಿಸಲು ಒಪ್ಪುವುದಿಲ್ಲ. ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಇಡುತ್ತದೆ. ಹಾವೇರಿಯ ಆ ದಿನದ ನಂತರ ನಕಲು ಮಾಡುವಾಗ ನಾನು ನೋಡುವುದು ಸೀರಿಯಲ್ ನಂಬರನ್ನು ಮಾತ್ರ. ಡಿಸ್ಕಿನ ಮೇಲಿನ ಚೀಟಿ ಒಮ್ಮೆ, ಪರದೆ ಒಮ್ಮೆ, ಕೊನೆಯ ನಾಲ್ಕು ಅಕ್ಷರ ಬಾಯಿಬಿಟ್ಟು ಓದುತ್ತೇನೆ.

ಮತ್ತೆ ಆ ಲ್ಯಾಪ್‌ಟಾಪ್

ಎನ್‌ವಿಎಮ್‌ಇ 2011ರಲ್ಲಿ ಬಂತು. ಇದರಲ್ಲಿ ಎಸ್‌ಎಸ್‌ಡಿಯೇ ಪಿಸಿಐ ಸಾಧನ, ನಡುವೆ ಬೇರೆ ಕಾರ್ಡ್ ಇಲ್ಲ. ವಿಳಾಸ ಮೊದಲ ಬಾರಿನಲ್ಲಿ, 64 ಬಿಟ್ ಆದ್ದರಿಂದ ಎರಡು ಬಾರಿನ ಜಾಗ ಹಿಡಿಯುತ್ತದೆ. ಆ ವಿಳಾಸದಿಂದ 4,096 ಬೈಟ್ ಮುಂದೆ ಹೋದರೆ ಡೋರ್‌ಬೆಲ್ ಅನ್ನುವ ರಿಜಿಸ್ಟರುಗಳಿವೆ. ಅದು ಅವುಗಳ ಅಧಿಕೃತ ಹೆಸರು. ಡ್ರೈವರ್ ಕೆಲಸದ ಪಟ್ಟಿಯನ್ನು ಮೆಮೊರಿಯಲ್ಲಿ ಬರೆದಿಟ್ಟು ಬೆಲ್ ಒತ್ತುತ್ತದೆ, ಎಸ್‌ಎಸ್‌ಡಿ ಬಂದು ತೆಗೆದುಕೊಂಡು ಹೋಗುತ್ತದೆ.

ಇಷ್ಟು ಸರಳವಾದ ಮೇಲೆ ಹುಡುಗನ ಎಸ್‌ಎಸ್‌ಡಿ ಯಾಕೆ ಕಾಣಲಿಲ್ಲ? ಅವನ ಲ್ಯಾಪ್‌ಟಾಪಿನ ಬಯಾಸಿನಲ್ಲಿ ವಿಎಮ್‌ಡಿ ಆನ್ ಆಗಿತ್ತು. ಇಂಟೆಲ್ ಇದನ್ನು ಮೊದಲು ಸರ್ವರುಗಳಿಗೆ ಮಾಡಿ, 11ನೇ ತಲೆಮಾರಿನ ಪ್ರೊಸೆಸರಿನಿಂದ ಲ್ಯಾಪ್‌ಟಾಪಿಗೂ ತಂದಿತು. ಹಲವು ಎಸ್‌ಎಸ್‌ಡಿಗಳನ್ನು ಸೇರಿಸಿ ರೇಡ್ ಮಾಡಲು, ಮಷೀನ್ ಆರಿಸದೇ ಕಿತ್ತು ಹಾಕಲು ಇದು ಅನುಕೂಲ. ವಿಎಮ್‌ಡಿ ಆನ್ ಇದ್ದಾಗ ಎಸ್‌ಎಸ್‌ಡಿಗಳು ಮುಖ್ಯ ಬಸ್ಸಿನ ಪಟ್ಟಿಯಿಂದ ಮರೆಯಾಗುತ್ತವೆ. ಸುತ್ತಿ ಕೇಳುತ್ತಾ ಬಂದ ಆಪರೇಟಿಂಗ್ ಸಿಸ್ಟಮ್‌ಗೆ ಸಿಗುವುದು 01 04 ಕೋಡಿನ ಒಂದೇ ಒಂದು ರೇಡ್ ಸಾಧನ. ಎಸ್‌ಎಸ್‌ಡಿ ಅದರ ಹಿತ್ತಲಲ್ಲಿ ಇರುತ್ತದೆ. ಹುಡುಗನ ಪೆನ್‌ಡ್ರೈವಿನಲ್ಲಿದ್ದ ವಿಂಡೋಸ್‌ನಲ್ಲಿ ಈ ಸಾಧನದ ಡ್ರೈವರ್ ಇರಲಿಲ್ಲ.

ನನಗೆ ಬಹಳ ಹಿಡಿಸಿದ್ದು ಇದರ ಡ್ರೈವರ್ ಮಾಡುವ ಕೆಲಸ. ಲಿನಕ್ಸಿನ ವಿಎಮ್‌ಡಿ ಡ್ರೈವರಿನ ಕೋಡ್ ಎಲ್ಲರಿಗೂ ತೆರೆದಿದೆ, ಓದಬಹುದು. ವಿಎಮ್‌ಡಿ ಸಾಧನಕ್ಕೆ ಬಯಾಸ್ ಕೊಟ್ಟ ಜಾಗವನ್ನು ಅದು ಮೊದಲು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ. ಆ ಜಾಗದೊಳಗೆ ಒಂದು ಹೊಸ ಪಿಸಿಐ ಬಸ್ ಕಟ್ಟುತ್ತದೆ. ಅದರ ಮೇಲೆ ಯಾರ್ಯಾರಿದ್ದಾರೆ ಅಂತ ಸುತ್ತಿ ಕೇಳಿಸುತ್ತದೆ. ಸಿಕ್ಕ ಎಸ್‌ಎಸ್‌ಡಿಗಳಿಗೆ ತನ್ನ ಜಾಗದಲ್ಲೇ ತುಂಡು ಮಾಡಿ ವಿಳಾಸ ಕೊಡಿಸುತ್ತದೆ. ಡ್ರೈವರೇ ವಿಳಾಸ ಕೊಡುತ್ತದೆ ಅನ್ನುವ ಮಾತು ಸುಳ್ಳು ಅಂತ ನಾನು ಇಪ್ಪತ್ತು ವರ್ಷ ಹುಡುಗರಿಗೆ ಹೇಳುತ್ತಾ ಬಂದಿದ್ದೆ. ಇಲ್ಲಿ ಅದು ನಿಜ. ಲಿನಕ್ಸಿನಲ್ಲಿ ಸಾಧನಗಳ ಪಟ್ಟಿ ತೆಗೆದರೆ ಬೇರೆಯವರ ವಿಳಾಸ ನಾಲ್ಕು ಸೊನ್ನೆಯಿಂದ ಶುರುವಾಗುತ್ತದೆ. ಈ ಎಸ್‌ಎಸ್‌ಡಿಯದ್ದು 10000ದಿಂದ, ಒಂದಂಕಿ ಜಾಸ್ತಿ. ಆ ಐದನೇ ಅಂಕಿ ಕಂಡರೆ ಇದು ವಿಎಮ್‌ಡಿ ಹಿತ್ತಲಿನದ್ದು ಅಂತ ತಿಳಿಯಬಹುದು.

ಹುಡುಗನಿಗೆ ಎರಡು ದಾರಿ ಹೇಳಿದೆ. ಬಯಾಸಿನಲ್ಲಿ ವಿಎಮ್‌ಡಿ ಆಫ್ ಮಾಡಬಹುದು. ಆದರೆ ಹಳೆಯ ವಿಂಡೋಸ್ ಅದರೊಳಗೇ ಇದೆ, ಅದರಿಂದ ಏನಾದರೂ ಬೇಕಾದರೆ ಆಮೇಲೆ ಬೂಟ್ ಆಗದೆ 7ಬಿ ಬರಬಹುದು. ಇಲ್ಲವೇ ಡ್ರೈವರ್ ಕೊಡಬಹುದು. ಅವನ ಪ್ರಾಜೆಕ್ಟ್ ಕಡತಗಳು ಇನ್ನೂ ಡಿಸ್ಕಿನಲ್ಲೇ ಇದ್ದವು. ಡ್ರೈವರನ್ನೇ ಹಾಕೋಣ ಅಂದ. ಇಂಟೆಲ್ಲಿನ ರೇಡ್ ಡ್ರೈವರನ್ನು ಇನ್ನೊಂದು ಪೆನ್‌ಡ್ರೈವಿಗೆ ಬಿಚ್ಚಿ ಹಾಕಿಕೊಂಡೆ. ಇನ್‌ಸ್ಟಾಲ್ ಪರದೆಯಲ್ಲಿ ಲೋಡ್ ಡ್ರೈವರ್ ಅಂತ ಒತ್ತಿ, ಫೋಲ್ಡರ್ ತೋರಿಸಿದೆ. ಹಸಿರು ಗೆರೆ ಒಂದಷ್ಟು ಹೊತ್ತು ಓಡಿತು. ಖಾಲಿ ಇದ್ದ ಪಟ್ಟಿಯಲ್ಲಿ ಒಂದು ಸಾಲು ಮೂಡಿತು, ಅದರ ಕೆಳಗೆ ಮತ್ತೆ ಮೂರು.

"ಬಂತ್ ನೋಡ್ರಿ ಸರ!" ಅಂತ ಹುಡುಗ ಕುರ್ಚಿ ಬಿಟ್ಟು ಎದ್ದ. ಅವನು ನೆಕ್ಸ್ಟ್ ಒತ್ತುವ ಮೊದಲು ನಾನು ಕೈ ಹಿಡಿದೆ. ಮೊದಲು ಕಡತಗಳನ್ನು ಹೊರಗೆ ತೆಗೆಯೋಣ ಅಂತ ಡಿಸ್ಕಿನ ಸೀರಿಯಲ್ ನಂಬರ್ ಬರೆದುಕೊಳ್ಳಲು ಪೆನ್ನು ಹುಡುಕಿದೆ.